ಹಿತ್ತಲಿನ ಕುಂಬಳ: ಒಂದು ಬೀಜದ ಚರಿತ್ರೆ

ಶಾಸನ, ನಾಣ್ಯ, ತಾಳೆಗರಿ ಇವು ಚರಿತ್ರೆಯ ಆಕರಗಳೆಂದು ತರಗತಿಯಲ್ಲಿ ಹೇಳಿಕೊಡುತ್ತಿದ್ದುದು ನನ್ನ ವಿದ್ಯಾರ್ಥಿಗಳಿಗೆ ನೆನಪಿರಬಹುದು. ಆ ಪಟ್ಟಿಗೆ ಮನೆಯ ಹಿತ್ತಲಿನ ಕುಂಬಳಬೀಜವನ್ನೂ ಸೇರಿಸಬೇಕೆಂಬುದು ಈ ಲೇಖನದ ವಿಷಯ.

ನಾವು ಕುಂಬಳವೆಂದು ಕರೆಯುವ ಕಾಯಿಗಳು ಎರಡು. ಬೂದುಗುಂಬಳ ಏಷ್ಯಾದ ಪ್ರಾಚೀನ ಬೆಳೆ. ಆಯುರ್ವೇದದ ಹಳೆಯ ಗ್ರಂಥಗಳ ಕೂಷ್ಮಾಂಡ ಅದೇ. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯನ್ನು ಗಮನಿಸಿ. ಹೆಗಲಿಗೆ ಅಂಟಿಕೊಳ್ಳುವುದು ಬೂದುಗುಂಬಳದ ಬಿಳಿಯ ಪುಡಿ. ಸಿಹಿಗುಂಬಳವನ್ನು ಕದ್ದವನಿಗೆ ಆ ಅಂಜಿಕೆಯೇ ಇಲ್ಲ! ಆಯುಧಪೂಜೆಯಲ್ಲಿ ಒಡೆಯುವುದೂ ಕಾಶಿ ಹಲ್ವಕ್ಕೆ ತುರಿಯುವುದೂ ಬೂದುಗುಂಬಳವನ್ನೇ.

ಮಲೆನಾಡಿನಲ್ಲಿ ಚೀನಿಕಾಯಿ ಎನಿಸಿಕೊಳ್ಳುವ ಸಿಹಿಗುಂಬಳದ ಮೂಲ ಚೀನವಲ್ಲ, ಅಮೆರಿಕ ಖಂಡ. ಮೆಕ್ಸಿಕೋದ ಗಿಲಾ ನಕಿಟ್ಜ್ ಗುಹೆಯಲ್ಲಿ ದೊರೆತ, ಇದರ ಸೋದರಜಾತಿಯ ಬೀಜಗಳು ಸುಮಾರು 10,000 ವರ್ಷ ಹಳೆಯವು. ಅಲ್ಲಿನ ಜನ ಮೆಕ್ಕೆಜೋಳಕ್ಕಿಂತ ಮೊದಲೇ ಕುಂಬಳವನ್ನು ಪಳಗಿಸಿದ್ದರು. 1492ರಲ್ಲಿ ಕೊಲಂಬಸ್ ಅಮೆರಿಕ ತಲಪಿದ ಬಳಿಕವಷ್ಟೇ ಅದು ಸಾಗರ ದಾಟಿತು. ತಮಿಳರು ಅದನ್ನು ಪರಂಗಿಕ್ಕಾಯ್ ಎನ್ನುತ್ತಾರೆ. ನಮ್ಮಲ್ಲಿ ಪಪಾಯಿಗೆ ಪರಂಗಿಹಣ್ಣು ಎಂಬ ಹೆಸರಿದೆ. ಎರಡೂ ಹಡಗಿನಲ್ಲಿ ಬಂದ ಫರಂಗಿಯವರ ಗುರುತುಗಳು. ಉತ್ತರ ಕರ್ನಾಟಕದ ಹಬ್ಬದ ಗಾರಿಗೆಯಲ್ಲಿ ಬೆರೆತ ಈ ಕಾಯಿಯನ್ನು ಇಂದು ಪರದೇಶಿಯೆನ್ನುವವರು ಯಾರು?

ಹೊರಗಿನಿಂದ ಬಂದದ್ದು ನಮ್ಮದಾದದ್ದು ಹಿತ್ತಲುಗಳಲ್ಲಿ. ನಮ್ಮ ತಾಯಿಯವರು ಅತ್ಯುತ್ತಮ ಕಾಯೊಂದನ್ನು ಬಳ್ಳಿಯಲ್ಲೇ ಬಲಿಯಲು ಬಿಟ್ಟು, ಕೊಯ್ದ ಮೇಲೂ ಕೆಲವು ವಾರ ಅಟ್ಟದಲ್ಲಿರಿಸಿ, ಬಳಿಕ ಬೀಜ ತೆಗೆದು ತೊಳೆದು, ನೆರಳಿನಲ್ಲಿ ಒಣಗಿಸಿ, ಬೂದಿ ಸವರಿ ಇಡುತ್ತಿದ್ದರು. ರುಚಿ, ಗಾತ್ರ, ಬಾಳಿಕೆಗಳನ್ನು ನೋಡಿ ಹೀಗೆ ಮನೆಮನೆಯಲ್ಲಿ ಆರಿಸಿದ್ದರಿಂದಲೇ ಊರಿಗೊಂದು ಬಗೆಯ ಕುಂಬಳ ಉಂಟಾಯಿತು.

ಆದರೆ ಕುಂಬಳದಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ನೆರೆಮನೆಯ ಬೇರೆ ತಳಿಯ ಪರಾಗವನ್ನು ಜೇನ್ನೊಣ ತಂದರೆ ಈ ವರ್ಷದ ಕಾಯಿಯಲ್ಲಿ ಏನೂ ತಿಳಿಯದು. ಅದರ ಬೀಜ ಬಿತ್ತಿದಾಗ ಬೆರಕೆ ಹೊರಬೀಳುತ್ತದೆ. ಆದ್ದರಿಂದ ಮರುದಿನ ಅರಳಲಿರುವ ಗಂಡು ಮತ್ತು ಹೆಣ್ಣು ಮೊಗ್ಗುಗಳ ತುದಿಯನ್ನು ಸಂಜೆಯೇ ದಾರದಿಂದ ಕಟ್ಟಬೇಕು. ಬೆಳಗ್ಗೆ ಬಿಚ್ಚಿ, ಗಂಡುಹೂವಿನ ಪರಾಗವನ್ನು ಹೆಣ್ಣುಹೂವಿಗೆ ಸವರಿ, ಅದನ್ನು ಮತ್ತೆ ಕಟ್ಟಿ, ಆ ಕಾಯಿಯ ತೊಟ್ಟಿಗೆ ಗುರುತು ಹಾಕಬೇಕು.

ಅಂಗಡಿಯ ಹೈಬ್ರಿಡ್ ಬೀಜದ ಬೆಳೆ ಸೊಗಸಾಗಿರಬಹುದು. ಅದರಿಂದ ತೆಗೆದ ಬೀಜ ಮಾತ್ರ ತಾಯಿಗುಣವನ್ನು ಉಳಿಸಿಕೊಳ್ಳದು. ಪ್ರತಿವರ್ಷ ಕೊಳ್ಳುವ ರೂಢಿ ಬೆಳೆದಂತೆ ಕಾದಿಡುವ ರೂಢಿ ಅಳಿಯುತ್ತದೆ. ಬೀಜ ಕಾದಿಡುವ, ಬಿತ್ತುವ, ಹಂಚಿಕೊಳ್ಳುವ ರೈತರ ಹಕ್ಕನ್ನು 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆ ಮನ್ನಿಸಿದೆ. ಆದರೆ ಬೀಜವೇ ಇಲ್ಲದವನಿಗೆ ಹಕ್ಕಿನಿಂದ ಏನು ಪ್ರಯೋಜನ?

ಶಾಸನವು ಸಾವಿರ ವರ್ಷ ಮಣ್ಣಿನಲ್ಲಿದ್ದರೂ ಓದಬಹುದು. ಕುಂಬಳಬೀಜ ಮನೆಯಲ್ಲಿ 4–5 ವರ್ಷ ಬಾಳಿದರೆ ಹೆಚ್ಚು. ಅಷ್ಟರೊಳಗೆ ಯಾರಾದರೂ ಬಿತ್ತಲೇಬೇಕು. ಊರಿನ ಮನೆಯಲ್ಲಿ ಹಳೆಯ ಬೀಜ ಇನ್ನೂ ಉಳಿದಿರುವವರು ಈ ಮಳೆಗಾಲದಲ್ಲೇ ನಾಲ್ಕು ಕಾಳು ಊರಿ, ಮತ್ತೆ ನಾಲ್ಕನ್ನು ಬಂಧುಗಳಿಗೆ ಕೊಡಿರಿ. ಒಂದು ಹಿತ್ತಲಿನಲ್ಲಿ ಕೆಟ್ಟರೂ ಇನ್ನೊಂದರಲ್ಲಿ ಉಳಿಯುತ್ತದೆ.