ಕಟ್ಟುವವನ ಹಗಲು, ಮಲಗುವವನ ಇರುಳು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕಟ್ಟಿಸುವವನ ಪಾಡನ್ನು ಮಾತ್ರ ಹೇಳುತ್ತದೆ. ಪಕ್ಕದ ಮನೆಯಲ್ಲಿ ಮಲಗಿದವನ ಪಾಡೇನು? ಅದನ್ನು ಗಾದೆಯೂ ವಿಚಾರಿಸಲಿಲ್ಲ, ಬಹುಕಾಲ ಕಾನೂನೂ ವಿಚಾರಿಸಲಿಲ್ಲ.

ಪ್ರಾಚೀನ ರೋಮ್ ನಗರದ ಬೀದಿಗಳು ತೀರ ಇಕ್ಕಟ್ಟು. ಕ್ರಿ. ಪೂ. 45ರ ಸುಮಾರಿನ ಕಾನೂನೊಂದು, ಸೂರ್ಯೋದಯದಿಂದ ಇಳಿಹೊತ್ತಿನವರೆಗೆ ಸರಕಿನ ಬಂಡಿಗಳು ಊರೊಳಗೆ ಬರಕೂಡದೆಂದು ವಿಧಿಸಿತು. ದೇವಾಲಯ ಕಟ್ಟುವ ಸಾಮಗ್ರಿಯ ಬಂಡಿಗಳಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಹಗಲು ನಡೆಯುವವನಿಗೇನೋ ದಾರಿಯಾಯಿತು; ಆದರೆ ಗಡಗಡ ಸದ್ದೆಲ್ಲ ಇರುಳಿಗೆ ಸರಿಯಿತು. ಮುಂದೆ ಜುವೆನಲ್ ಕವಿ, ಬಂಡಿಗಳ ಗದ್ದಲದಲ್ಲಿ ಬಡವನಿಗೆ ನಿದ್ದೆಯೇ ಇಲ್ಲವೆಂದು ತನ್ನ ವಿಡಂಬನೆಯಲ್ಲಿ ದೂರಿದ್ದಾನೆ.

ನಿದ್ದೆಗೆ ನ್ಯಾಯಾಲಯವೇ ಬೆಲೆ ಕಟ್ಟಿದ ಪ್ರಸಂಗವೊಂದು ಲಂಡನ್ನಿನದು. ಅಲ್ಲಿನ ಪ್ರಸಿದ್ಧ ಸೆಲ್ಫ್‌ರಿಜ್ ಮಳಿಗೆಯವರು ತಮ್ಮ ಕಟ್ಟಡವನ್ನು ವಿಸ್ತರಿಸಲು ಹೊರಟಾಗ, ನೆರೆಯಲ್ಲಿ ಹೋಟೆಲು ನಡೆಸುತ್ತಿದ್ದ ಮಹಿಳೆಯೊಬ್ಬರು ದೂಳಿನಿಂದಲೂ ರಾತ್ರಿಯ ಸದ್ದಿನಿಂದಲೂ ತಮ್ಮ ವ್ಯಾಪಾರ ಕೆಟ್ಟಿತೆಂದು ದಾವೆ ಹೂಡಿದರು. ಕೆಳಗಿನ ನ್ಯಾಯಾಲಯ ಕೊಡಿಸಿದ 4,500 ಪೌಂಡು ಪರಿಹಾರವನ್ನು 1937ರಲ್ಲಿ ಮೇಲ್ಮನವಿ ನ್ಯಾಯಾಲಯ 1,000ಕ್ಕೆ ಇಳಿಸಿತು. ಎಚ್ಚರಿಕೆಯಿಂದ ಕಟ್ಟುವವನ ಸದ್ದನ್ನು ನೆರೆಯವರು ಸಹಿಸಲೇಬೇಕು ಎಂಬುದು ಇಳಿಕೆಗೆ ಕಾರಣ. ಆದರೆ ತನ್ನ ಲಾಭಕ್ಕಾಗಿ ನೆರೆಯವನ ಒಂದೇ ಒಂದು ರಾತ್ರಿಯ ನಿದ್ದೆ ಕೆಡಿಸಿದರೂ ಅದು ಕ್ಷಮ್ಯವಲ್ಲವೆಂದು ನ್ಯಾಯಾಧೀಶ ಗ್ರೀನ್ ಅವರು ಖಡಾಖಂಡಿತವಾಗಿ ನುಡಿದರು.

ಗೆದ್ದರೂ, ಹೋದ ನಿದ್ದೆ ಮರಳಿ ಬಂದೀತೆ? ದಾವೆ ಹೂಡುವಷ್ಟು ಹಣವಿಲ್ಲದವನ ಗತಿಯೇನು? ಬ್ರಿಟನ್ 1974ರ ಕಾಯಿದೆಯಲ್ಲಿ ಇದಕ್ಕೆ ಉತ್ತರ ಹುಡುಕಿತು. ಯಾವ ಯಂತ್ರ, ಎಷ್ಟು ಸದ್ದು, ಯಾವ ವೇಳೆ ಎಂದು ಗೊತ್ತುಮಾಡುವ ಅಧಿಕಾರ ಸ್ಥಳೀಯ ಆಡಳಿತಕ್ಕೆ ಬಂತು. ಕಟ್ಟುವವನು ಮೊದಲೇ ಒಪ್ಪಿಗೆ ಪಡೆಯಲೂ ಅವಕಾಶವಾಯಿತು.

ನಮ್ಮ ದೇಶದ ಶಬ್ದಮಾಲಿನ್ಯ ನಿಯಮಗಳು 2000ದಲ್ಲಿ ಬಂದವು. ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರು. ವಾಸದ ಬಡಾವಣೆಗಳಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಆದರೆ ಸದ್ದು ಈ ಮಿತಿಯನ್ನು 10 ಡೆಸಿಬೆಲ್‌ನಷ್ಟಾದರೂ ಮೀರಿದಾಗಲೇ ದೂರಿಗೆ ಆಸ್ಪದ. ನಡುರಾತ್ರಿ ಎಚ್ಚರವಾದ ಬಡಪಾಯಿ ಅಳೆಯುವ ಯಂತ್ರವನ್ನು ಎಲ್ಲಿಂದ ತರಬೇಕು? 2010ರ ತಿದ್ದುಪಡಿ ಈ ತೊಡಕನ್ನು ಬಿಡಿಸಿತು. ವಾಸದ ಪ್ರದೇಶಗಳಲ್ಲಿ, ನಿಶ್ಶಬ್ದ ವಲಯಗಳಲ್ಲಿ ಸದ್ದು ಮಾಡುವ ಕಟ್ಟಡ ಯಂತ್ರಗಳನ್ನು ರಾತ್ರಿ ನಡೆಸಲೇಕೂಡದೆಂದಿತು. ಆ ನಿರ್ಬಂಧ ಮುರಿದರೆ ಅದೇ ದೂರಿಗೆ ಸಾಕೆಂದಿತು. ಹೀಗೆ ಡೆಸಿಬೆಲ್ ಮಾಪಕದ ಕೆಲಸವನ್ನು ಮನೆಯ ಗೋಡೆಯ ಗಡಿಯಾರವೇ ಮಾಡುವಂತಾಯಿತು.

ಕಟ್ಟುವವರ ಕಷ್ಟವೂ ಸುಳ್ಳಲ್ಲ. ಮೋಲ್ಡ್ ಹಾಕುವಾಗ ಕಾಂಕ್ರೀಟನ್ನು ನಡುವೆ ನಿಲ್ಲಿಸಿದರೆ ಆ ಜೋಡಣೆ ದುರ್ಬಲವಾಗುತ್ತದೆ. ಬೆಂಗಳೂರಿನಂಥ ನಗರದಲ್ಲಿ ಹಗಲಿನ ದಟ್ಟಣೆಯ ವೇಳೆ ಭಾರಿ ಲಾರಿಗಳಿಗೆ ನಿರ್ಬಂಧ. ಜಲ್ಲಿ, ಕಬ್ಬಿಣ ರಾತ್ರಿಯೇ ಬಂದು ಇಳಿಯಬೇಕು. ರೋಮಿನ ಬಂಡಿಗಳ ಕಥೆಯೇ ಇಲ್ಲಿಯೂ ಮರುಕಳಿಸಿದೆ. ರಸ್ತೆಗೆ ಒಂದು ಇಲಾಖೆ, ನಿದ್ದೆಗೆ ಇನ್ನೊಂದು ಇಲಾಖೆ ಎಂದು ಬೇರೆ ಬೇರೆ ವೇಳೆ ಬರೆದರೆ, ಎರಡರ ನಡುವೆ ಸಿಕ್ಕುವವನು ಮಲಗಿದವನೇ. ಅವನೊಬ್ಬನೇ ಅಲ್ಲ, ಕಟ್ಟಡದ ಪಕ್ಕದ ತಗಡಿನ ಶೆಡ್ಡಿನಲ್ಲಿ ಹೆಂಡತಿ ಮಕ್ಕಳೊಡನೆ ಒರಗುವ ಕೂಲಿಯವನ ನಿದ್ದೆಯೂ ನಿದ್ದೆಯೇ. ಹತ್ತು ಗಂಟೆಯ ನಿಯಮ ಅವನ ಪಾಲಿಗೂ ಇದೆ. ದೂರು ಕೊಡುವ ಧೈರ್ಯ ಮಾತ್ರ ಅವನಿಗಿಲ್ಲ.