ಮೊದಲ ಕಿವಿ: ಗಡಿ ವಾರ್ಡಿನ ಸದಸ್ಯ, ಶಾಲೆಯ ದೂರು ಮತ್ತು ಮನೆಯ ಅರ್ಜಿ

ತಲಪಾಡಿಯ ಗಡಿ ದಾಟಿ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ದಕ್ಷಿಣಕ್ಕೆ ಬಂದರೆ ಮಂಜೇಶ್ವರ ಗ್ರಾಮ ಪಂಚಾಯತಿನ ಕುಂಜತ್ತೂರು ಸಿಗುತ್ತದೆ. ಮಂಗಳೂರು ಹತ್ತಿರ, ಜಿಲ್ಲಾಕೇಂದ್ರ ಕಾಸರಗೋಡು ದೂರ, ತಿರುವನಂತಪುರವಂತೂ ರಾಜ್ಯದ ಇನ್ನೊಂದು ತುದಿ. ಮನೆಗಳಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ. ಶಾಲೆಯಲ್ಲಿ ಕನ್ನಡವೋ ಮಲಯಾಳವೋ. ಕಚೇರಿಯ ಕಡತದಲ್ಲಿ ಹೆಚ್ಚಾಗಿ ಮಲಯಾಳ. ಇಂಥ ಊರಿನ ವಾರ್ಡ್ ಮೆಂಬರ್ ಎತ್ತಬೇಕಾದ ಮೂರು ಪ್ರಶ್ನೆಗಳು ಈ ಲೇಖನದ ವಸ್ತು: ಶಾಲೆಯಲ್ಲಿ ಮಗುವಿನ ಮೇಲಾದ ದೌರ್ಜನ್ಯದ ವಿಚಾರಣೆ, ಮನೆಯಿಲ್ಲದವರ ಅರ್ಜಿ, ಮತ್ತು ಇವೆರಡನ್ನೂ ಕೇಳಿಸಿಕೊಳ್ಳುವ ಸದಸ್ಯರ ಸುರಕ್ಷತೆ. ನನ್ನ ವಾದವಿಷ್ಟೆ: ಮೂರರ ಬೇರೂ ಒಂದೇ, ಮೊದಲು ಕೇಳಿಸಿಕೊಂಡವರ ಸ್ಥಿತಿ. ಇದು ಊರಿನ ಯಾವೊಂದು ಪ್ರಕರಣದ ವರದಿಯೂ ಅಲ್ಲ; ಕಾನೂನಿನ ಪಠ್ಯವನ್ನು ಊರಿನೆದುರು ಇಟ್ಟು ಓದುವ ಯತ್ನ.

ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯಲು 2012ರ ನವೆಂಬರ್ 14ರಂದು ಜಾರಿಗೆ ಬಂದ ಪೋಕ್ಸೋ ಕಾಯ್ದೆಯ 19ನೆಯ ಕಲಮು, ಅಂಥ ಅಪರಾಧದ ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. ಮುಚ್ಚಿಟ್ಟರೆ 6 ತಿಂಗಳವರೆಗೆ ಸಜೆ. ತನ್ನ ಕೈಕೆಳಗಿನವನ ಕೃತ್ಯವನ್ನು ಸಂಸ್ಥೆಯ ಮುಖ್ಯಸ್ಥ ಮುಚ್ಚಿಟ್ಟರೆ 1 ವರ್ಷದವರೆಗೆ. ಅಂದಮೇಲೆ ‘ಮೊದಲು ನಾವೇ ವಿಚಾರಿಸಿ ನೋಡುತ್ತೇವೆ’ ಎಂದು ಶಾಲೆಯಾಗಲಿ, ಪಿ.ಟಿ.ಎ. ಆಗಲಿ ಕೂರುವಂತಿಲ್ಲ. ವಾರ್ಡ್ ಸದಸ್ಯರ ಅಧ್ಯಕ್ಷತೆಯ ಜಾಗ್ರತಾ ಸಮಿತಿಗೂ ಪೊಲೀಸರ ಬದಲಿಗೆ ತನಿಖೆ ಮಾಡುವ ಅಧಿಕಾರವಿಲ್ಲ. ಆದರೆ ತಾಯಿ ಮೊದಲು ಓಡಿ ಬರುವುದು ಠಾಣೆಗಲ್ಲ, ಮೆಂಬರ್ ಮನೆಗೆ.

ಅದೇ ಕಲಮಿನ 4ನೆಯ ಉಪಕಲಮು ಗಡಿನಾಡಿನವರು ಬಾಯಿಪಾಠ ಮಾಡಬೇಕಾದದ್ದು. ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ದೂರು ಬರೆದುಕೊಳ್ಳುವುದಾದರೆ ಅನುವಾದಕರನ್ನೋ ದುಭಾಷಿಯನ್ನೋ ಒದಗಿಸಲೇಬೇಕು. ಆದರೆ ಈ ರಕ್ಷಣೆ ಠಾಣೆಯಲ್ಲಿ ಶುರುವಾಗುತ್ತದೆ. ಅದಕ್ಕೂ ಮುಂಚೆ ಮಗು ತುಳುವಿನಲ್ಲೋ ಬ್ಯಾರಿಯಲ್ಲೋ ಆಡಿದ ಮಾತು ಅಮ್ಮನ ಬಾಯಲ್ಲಿ ಒಂದಾಗಿ, ಮೇಷ್ಟ್ರ ಕನ್ನಡದಲ್ಲಿ ಇನ್ನೊಂದಾಗಿ, ಮಲಯಾಳದ ಕಾಗದದಲ್ಲಿ ಮತ್ತೊಂದಾಗಿರುತ್ತದೆ. ಮಗು ಹೆಸರಿಟ್ಟು ಹೇಳಿದ ಅಂಗ ಕಾಗದದಲ್ಲಿ ‘ಮೈ’ ಆದರೆ ಅಪರಾಧದ ಕಲಮೇ ಬದಲಾಗಬಹುದು. ಕನ್ನಡಿಗರಾದ ನಾವು ನಮ್ಮ ಭಾಷೆಯ ಹಕ್ಕನ್ನಷ್ಟೇ ಕೇಳಿ ಸುಮ್ಮನಾಗುತ್ತೇವೆ. ತುಳು ಮನೆಯ ಮಗುವಿಗೆ ಕನ್ನಡವೂ ಅನುವಾದವೇ ಎಂಬುದನ್ನು ಮರೆಯುತ್ತೇವೆ.

ಪಕ್ಕದ ಕಣ್ಣೂರು ಜಿಲ್ಲೆಯ ಶಾಲೆಯೊಂದರ ಪ್ರಕರಣ ನೋಡಿ. ಪತ್ರಿಕೆಗಳು ಅದನ್ನು ಊರ ಹೆಸರಿನಿಂದಲೇ ಕರೆದವು. ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ. 2020ರ ಮಾರ್ಚಿನಲ್ಲಿ ನಾಲ್ಕನೆಯ ತರಗತಿಯ ಹುಡುಗಿಯ ಪರವಾಗಿ ದೂರು ದಾಖಲಾಯಿತು. ಆರೋಪಿ ಶಿಕ್ಷಕ, ಜೊತೆಗೆ ಪಕ್ಷವೊಂದರ ಸ್ಥಳೀಯ ಮುಖಂಡ. ಜುಲೈಯಲ್ಲಿ ಕ್ರೈಂ ಬ್ರಾಂಚ್ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಪೋಕ್ಸೋ ಕಲಮುಗಳೇ ಇರಲಿಲ್ಲ. ಅಕ್ಟೋಬರಿನಲ್ಲಿ ಹೈಕೋರ್ಟು ಹೊಸ ತನಿಖಾ ತಂಡಕ್ಕೆ ಆದೇಶಿಸಿತು. ತಲಶ್ಶೇರಿಯ ಪೋಕ್ಸೋ ನ್ಯಾಯಾಲಯ ಆತನನ್ನು ಅಪರಾಧಿ ಎಂದದ್ದು 2025ರ ನವೆಂಬರಿನಲ್ಲಿ. ವಿಚಾರಣೆ ಸಾಧ್ಯವಾದಷ್ಟೂ ಒಂದು ವರ್ಷದೊಳಗೆ ಮುಗಿಯಬೇಕೆಂಬುದು ಕಾಯ್ದೆಯ 35ನೆಯ ಕಲಮಿನ ಆಶಯ. ಅಲ್ಲಿ ದುಭಾಷಿಯ ಪ್ರಶ್ನೆಯೇ ಇರಲಿಲ್ಲ. ಎಲ್ಲರ ಭಾಷೆಯೂ ಮಲಯಾಳ; ಆದರೂ ಇಷ್ಟು ವರ್ಷ ಹಿಡಿಯಿತು.

ಊರ ಹೆಸರು ಬಿಟ್ಟದ್ದಕ್ಕೆ ಕಾರಣವಿದೆ. 23ನೆಯ ಕಲಮು ಮಾಧ್ಯಮಗಳು ಪ್ರಕಟಿಸಬಾರದ ವಿವರಗಳಲ್ಲಿ ಮಗುವಿನ ಹೆಸರು, ವಿಳಾಸಗಳ ಜೊತೆಗೆ ಶಾಲೆಯನ್ನೂ ನೆರೆಹೊರೆಯನ್ನೂ ಎಣಿಸಿದೆ. ಕುಂಜತ್ತೂರಿನಂಥ ಕಡೆ ‘ಇಂಥ ಶಾಲೆ, ಇಂಥ ತರಗತಿ’ ಎಂದರೆ ಸಾಕು, ಸಂಜೆಯೊಳಗೆ ಮನೆ ಯಾವುದೆಂದು ಗೊತ್ತಾಗುತ್ತದೆ. ರಾಜಕಾರಣಿ ದನಿಯೆತ್ತಬೇಕು, ಆದರೆ ಗುರುತು ಹೇಳಬಾರದು. 2021ರಲ್ಲಿ ಮಂಜೇಶ್ವರದಿಂದ ವಿಧಾನಸಭೆಗೆ ಗೆದ್ದ ಎ.ಕೆ.ಎಂ. ಅಶ್ರಫ್ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಶಾಸಕರು ಸದನದಲ್ಲಿ ಆಡುವ ಮಾತಿಗೆ ಸಂವಿಧಾನದ 194ನೆಯ ವಿಧಿಯ ಕಾವಲೂ ಇದೆ. ಗ್ರಾಮಸಭೆಯಲ್ಲಿ ಅದೇ ಮಾತಾಡುವ ವಾರ್ಡ್ ಸದಸ್ಯೆಗೆ ಆ ವಿಧಿ ಅನ್ವಯಿಸುವುದಿಲ್ಲ.

ಮನೆಯ ವಿಷಯ ಹೆಚ್ಚು ಬೆಳೆಸಬೇಕಿಲ್ಲ. ಕೇರಳ ಸರಕಾರದ ಲೈಫ್ ಮಿಷನ್ ವಸತಿ ಯೋಜನೆಯಲ್ಲಿ ಸಾಮಾನ್ಯವಾಗಿ ಮನೆಯೊಂದಕ್ಕೆ 4 ಲಕ್ಷ ರೂಪಾಯಿ. ಸಮುದ್ರದಿಂದ 50 ಮೀಟರಿನೊಳಗಿನ ಮೀನುಗಾರ ಕುಟುಂಬಗಳ ಪುನರ್‌ಗೇಹಂ ಯೋಜನೆಯಲ್ಲಿ ಜಾಗವೂ ಸೇರಿ 10 ಲಕ್ಷ. ಕಣ್ವತೀರ್ಥದ ಕಡೆಯ ಕಡಲಂಚಿನವರಿಗೆ ಈ ಎರಡನೆಯದೇ ಮುಖ್ಯ. ಲೈಫ್ ಪಟ್ಟಿಗೆ ಒಪ್ಪಿಗೆ ಕೊಡುವುದು ಗ್ರಾಮಸಭೆ, ಅದರ ಸಂಚಾಲಕರು ವಾರ್ಡ್ ಸದಸ್ಯರು. ಹೆಸರು ಬಿಟ್ಟುಹೋದ ಸಿಟ್ಟು ಸರಕಾರದ ಬಾಗಿಲಿಗೆ ಹೋಗುವುದಿಲ್ಲ, ಅವರ ಅಂಗಳಕ್ಕೆ ಬರುತ್ತದೆ. ಮಗುವಿನ ದೂರು ಕೊಟ್ಟ ಮನೆಯೂ ದೂರಿಗೆ ಒಳಗಾದವನ ಮನೆಯೂ ಅದೇ ಪಟ್ಟಿಯಲ್ಲಿದ್ದರೆ? ಸಣ್ಣ ವಾರ್ಡಿನಲ್ಲಿ ಇದು ಬರೀ ಊಹೆಯಲ್ಲ.

ಸುರಕ್ಷತೆಯ ಪ್ರಶ್ನೆ ಬರುವುದು ಇಲ್ಲೇ. 2021ರ ಜೂನ್ 24ರಂದು ಬೆಂಗಳೂರಿನ ಕಾಟನ್‌ಪೇಟೆಯಲ್ಲಿ ಮಾಜಿ ಕಾರ್ಪೊರೇಟರ್ ರೇಖಾ ಕದಿರೇಶ್ ಹಾಡಹಗಲೇ ಕೊಲೆಯಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಬ್ರಿಟನ್ನಿನ ಸಂಸದ ಡೇವಿಡ್ ಅಮೆಸ್ ಕ್ಷೇತ್ರದ ಜನರ ಅಹವಾಲು ಕೇಳುತ್ತಿದ್ದಾಗಲೇ ಇರಿತಕ್ಕೆ ಬಲಿಯಾದರು. ಎರಡರ ಕಾರಣ ಬೇರೆಬೇರೆ. ಆದರೆ ಜನರ ನಡುವೆ ಬರಿಗೈಲಿ ನಿಲ್ಲುವುದೇ ಇಬ್ಬರ ಕೆಲಸವೂ ಆಗಿತ್ತು. ಕೇರಳದ ಸ್ಥಳೀಯ ಸಂಸ್ಥೆಗಳಲ್ಲಿ ಅರ್ಧದಷ್ಟು ಸ್ಥಾನ 2010ರ ಚುನಾವಣೆಯಿಂದ ಮಹಿಳೆಯರಿಗೆ ಮೀಸಲು. ಇವರಿಗೆ ಗನ್‌ಮ್ಯಾನ್ ಕೊಡಿ ಎನ್ನುವುದು ಹಾಸ್ಯಾಸ್ಪದ. ಕೇಳಿದ ಮಾತನ್ನು ಒಬ್ಬರೇ ಹೊತ್ತು ತಿರುಗದಂತೆ ಮಾಡುವುದು ಸಾಧ್ಯ: ದೂರು ಅದೇ ದಿನ ಲಿಖಿತವಾಗಿ ಠಾಣೆ ಸೇರಿದರೆ, ಸದಸ್ಯೆಯ ಬಾಯಿ ಮುಚ್ಚಿಸುವುದರಿಂದ ಯಾರಿಗೂ ಲಾಭವಿಲ್ಲ.

ಆ ಲಿಖಿತ ದೂರು ಮಗುವಿನ ಮಾತೇ ಆಗಿರಬೇಕಾದರೆ ದುಭಾಷಿ ಬೇಕು. 2020ರ ಪೋಕ್ಸೋ ನಿಯಮಗಳಂತೆ ಪ್ರತಿ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕ ದುಭಾಷಿಗಳ, ಅನುವಾದಕರ ಹೆಸರಿನ ರಿಜಿಸ್ಟರ್ ಇಡಬೇಕು. ಕಾಸರಗೋಡಿನ ರಿಜಿಸ್ಟರಿನಲ್ಲಿ ತುಳು, ಬ್ಯಾರಿ, ಕೊಂಕಣಿ, ಕನ್ನಡ ಬಲ್ಲವರು ಎಷ್ಟು ಮಂದಿ ಎಂದು ಮಂಜೇಶ್ವರ ಪಂಚಾಯತಿನ ಸದಸ್ಯರು ಮುಂದಿನ ಸಭೆಯಲ್ಲೇ ಲಿಖಿತವಾಗಿ ಕೇಳಲಿ. ಆ ಪತ್ರವನ್ನು ಕನ್ನಡದಲ್ಲೇ ಬರೆಯಲಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅದಕ್ಕೆ ಅವಕಾಶ ಕೊಟ್ಟಿದೆ.