1994–2004ರ ಪಾಲುಪತ್ರಗಳು: ಮಾದನಾಯಕನಹಳ್ಳಿ ಸೀಮೆಯ ಆಸ್ತಿ ಯೋಜನೆಯಲ್ಲೊಂದು ತೊಡಕು

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂತು. ಅಂದು ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ (2020) ತೀರ್ಪಿತ್ತಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಿಭಾಗಕ್ಕೆ ಈ ತಿದ್ದುಪಡಿ ತಾಗದು. ಇಷ್ಟರಲ್ಲಿ ತಕರಾರಿಲ್ಲ.

ತಕರಾರಿರುವುದು ಇದರಿಂದ ಹೊರಡಿಸುವ ತೀರ್ಮಾನದಲ್ಲಿ: ಆ ದಿನಾಂಕಕ್ಕೆ ಹಿಂದಿನ ಪಾಲುಪತ್ರವಿದ್ದರೆ ಹೆಣ್ಣುಮಕ್ಕಳ ಸಹಿ ಬೇಡ ಎಂಬುದು. ತುಮಕೂರು ರಸ್ತೆಯ ಮಾದನಾಯಕನಹಳ್ಳಿ ಸುತ್ತ ಹೊಲಗಳು ಗೋದಾಮು, ಕಾರ್ಖಾನೆ ಷೆಡ್ಡುಗಳಾಗಿರುವಾಗ ಬಾಡಿಗೆ ಕರಾರು, ಬ್ಯಾಂಕ್ ಸಾಲ, ತೆರಿಗೆ ಲೆಕ್ಕ ಮೂರಕ್ಕೂ ಈ ಪ್ರಶ್ನೆ ಬುಡದ್ದು.

ಈ ತೀರ್ಮಾನ ಕರ್ನಾಟಕದ ಸ್ವಂತ ಕಾನೂನನ್ನು ಮರೆಯುತ್ತದೆ. ರಾಜ್ಯದ ತಿದ್ದುಪಡಿ (1994ರ ಕರ್ನಾಟಕ ಕಾಯ್ದೆ 23) 1994ರ ಜುಲೈ 30ರಿಂದಲೇ ಜಾರಿಯಲ್ಲಿತ್ತು. ಅದರ 6ಎ ಕಲಂ ಮಗಳನ್ನು ಮಗನಂತೆಯೇ ಸಹದಾಯಾದಿಯಾಗಿಸಿತು. ಹೊರಗಿಟ್ಟದ್ದು ಅದಕ್ಕೆ ಮೊದಲೇ ಮದುವೆಯಾದವರನ್ನು ಮತ್ತು ಅದಕ್ಕೆ ಮೊದಲೇ ಆದ ವಿಭಾಗಗಳನ್ನು. 2000ದಲ್ಲಿ ಅಣ್ಣತಮ್ಮಂದಿರಷ್ಟೇ ಬರೆದುಕೊಂಡ ಪಾಲುಪತ್ರವೊಂದನ್ನು ಊಹಿಸಬಹುದು. ‘ಹೆಣ್ಣುಮಕ್ಕಳಿಗೆ ಮದುವೆ ಮಾಡಿ ಅರಿಶಿನ ಕುಂಕುಮಕ್ಕೆ ಕೊಟ್ಟಾಗಿದೆ’ ಎಂಬ ಒಕ್ಕಣೆ ಅದರಲ್ಲಿದ್ದೀತು. ಮದುವೆ 1993ರಲ್ಲಾಗಿದ್ದರೆ ಆ ಪತ್ರಕ್ಕೆ 6ಎ ಕಲಂ ಅಡ್ಡಬರದು. 1996ರಲ್ಲಾಗಿದ್ದರೆ, ಪಾಲುದಾರಳನ್ನೇ ಬಿಟ್ಟ ವಿಭಾಗವಾಗುತ್ತದೆ. ಕೇಂದ್ರದ ಕಾಯ್ದೆ ಹಳೆಯ ವಿಭಾಗವನ್ನು ತನ್ನ ಪರಿಣಾಮದಿಂದ ಕಾಪಾಡುತ್ತದೆಯೇ ಹೊರತು, ಅಂದಿನ ಕಾನೂನಿನಡಿ ಇದ್ದ ದೋಷವನ್ನು ತೊಳೆಯುವುದಿಲ್ಲ.

ಈ ವಾದಕ್ಕೆ ಮಿತಿಗಳಿವೆ. ತಂದೆಯ ಸ್ವಯಾರ್ಜಿತಕ್ಕೆ ಇದು ಅನ್ವಯಿಸದು. ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷ ಕಳೆದಿದ್ದರೆ ದಾವೆಗೆ ಕಾಲಮಿತಿ ಅಡ್ಡಬರಬಹುದು. ನೋಂದಣಿಯಾದ ಮಾತ್ರಕ್ಕೆ ಮಗಳಿಗೆ ಗೊತ್ತಾಯಿತೆನ್ನಬಹುದೇ, ಪಹಣಿಯಲ್ಲಿ ಹೆಸರು ಬದಲಾದದ್ದು ಸಾಕೇ ಎಂಬುದು ಪ್ರಕರಣದಿಂದ ಪ್ರಕರಣಕ್ಕೆ ನಿರ್ಧಾರವಾಗಬೇಕಾದ ಸಂಗತಿ.

ತೆರಿಗೆಯಲ್ಲೂ ಇದರ ನೆರಳಿದೆ. ಅವಿಭಕ್ತ ಕುಟುಂಬದ ಪೂರ್ಣ ವಿಭಾಗದಲ್ಲಿ ಆಸ್ತಿ ಹಂಚಿಕೆಯನ್ನು 1961ರ ಆದಾಯ ತೆರಿಗೆ ಕಾಯ್ದೆ ವರ್ಗಾವಣೆ ಎಂದೆಣಿಸಲಿಲ್ಲ. 1978ರ ಡಿಸೆಂಬರ್ 31ರ ನಂತರದ ಭಾಗಶಃ ವಿಭಾಗವನ್ನು ಮಾತ್ರ ಮಾನ್ಯ ಮಾಡಲಿಲ್ಲ. ಈಗ ಸೋದರಿಗೆ ಹಣ ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿದರೆ ಅದು ಕೌಟುಂಬಿಕ ಏರ್ಪಾಡೋ ಮಾರಾಟವೋ? ಕೌಟುಂಬಿಕ ಏರ್ಪಾಡಿಗೆ ಸುಪ್ರೀಂ ಕೋರ್ಟ್ ಕಾಲೆ ಪ್ರಕರಣದಲ್ಲಿ (1976) ಕೊಟ್ಟ ಅಳತೆಗೋಲು ಪೂರ್ವಹಕ್ಕು ಅಥವಾ ಹಕ್ಕಿನ ಪ್ರತಿಪಾದನೆ, ಜೊತೆಗೆ ಪ್ರಾಮಾಣಿಕ ರಾಜಿ. ಪತ್ರ ಬರೆಯುವವರು ರೂಢಿಯಂತೆ ‘ಪ್ರೀತಿ ವಿಶ್ವಾಸದಿಂದ’ ಎಂದಷ್ಟೇ ಬರೆದರೆ, ರಕ್ಷಣೆ ಕೊಡಬೇಕಾದ ತಕರಾರೇ ದಾಖಲೆಯಿಂದ ಮಾಯವಾಗುತ್ತದೆ.

ನೋಂದಣಿಯಾಗದ ಪಾಲುಪಟ್ಟಿಗಳದು ಬೇರೆಯೇ ಕಥೆ. ಬಾಯಿಮಾತಿನ ವಿಭಾಗವನ್ನು ಸಾರ್ವಜನಿಕ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭದಲ್ಲಿ ಒಪ್ಪಬಹುದು ಎಂದು 2020ರ ತೀರ್ಪು ಹೇಳಿದೆ. ಹಿಸ್ಸೆವಾರು ಪಹಣಿ, ಮ್ಯುಟೇಷನ್‌ಗಳು ಆ ಮಟ್ಟದ ಬೆಂಬಲ ಕೊಡುತ್ತವೆಯೇ ಎಂಬುದನ್ನು ಈ ಲೇಖನ ತೀರ್ಮಾನಿಸುವುದಿಲ್ಲ.